ಉಳ್ಳಾಗಡ್ಡಿ ಎಂಬ ಅಡ್ಡಹೆಸರು

ಕಾದಂಬರಿಕಾರರಿಗೆ ನಿವೃತ್ತಿ ಇಲ್ಲ ಎಂದು ಸಭೆಗಳಲ್ಲಿ ಹೇಳುವವರು ಬಹಳ. ಅವರಲ್ಲಿ ಕಾದಂಬರಿ ಬರೆದವರು ಕಡಿಮೆ. ನಾನು ಬರೆದಿದ್ದೇನೆ, ಬರೆದು ಬೇಸತ್ತು ನಿವೃತ್ತಳಾಗಿದ್ದೇನೆ. ಯಾರೂ ಶಾಲು ಹೊದಿಸಿ ಬೀಳ್ಕೊಡಲಿಲ್ಲ. ಒಂದು ದಿನ ಮೇಜಿನ ಮೇಲಿದ್ದ ಹಾಳೆಗಳನ್ನೆಲ್ಲ ಕಪಾಟಿಗೆ ಹಾಕಿ ಕೀಲಿ ಜಡಿದೆ. ಆ ಮೇಜಿನ ಮೇಲೆ ಈಗ ಬಟ್ಟೆಗೆ ಇಸ್ತ್ರಿ ಮಾಡುತ್ತೇನೆ.

ಆದರೂ ನರಗುಂದದಿಂದ ಇಬ್ಬರು ಹುಡುಗಿಯರು, ಗಜೇಂದ್ರಗಡದಿಂದ ಒಬ್ಬ ನೇಕಾರರ ಮಗ ಬಸ್ಸು ಹತ್ತಿ ರೋಣಕ್ಕೆ ಬರುತ್ತಾರೆ. ಫೋನಿನಲ್ಲೇ ಕಾದಂಬರಿ ಬರೆಯುವ ಮಂದಿ. ಎಷ್ಟು ಸಲ ತಿದ್ದಬೇಕು, ಯಾವಾಗ ನಿಲ್ಲಿಸಬೇಕು, ಪ್ರಕಾಶಕರ ಹತ್ತಿರ ಹೇಗೆ ಮಾತಾಡಬೇಕು ಎಂದು ಕೇಳುತ್ತಾರೆ. ಬಾಯಿಯಿಂದ ಹೇಳಲು ಹೋದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ, ಆ ಮಕ್ಕಳು ಹೆದರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಸನ್ಮಾನ, ಪ್ರಶಸ್ತಿಗಳ ಸುದ್ದಿ ಇದರಲ್ಲಿ ಇಲ್ಲ. ಬಂದದ್ದೂ ಅಷ್ಟಕ್ಕಷ್ಟೆ.

ನಾನು ಹುಟ್ಟಿದ್ದು ಗಜೇಂದ್ರಗಡದ ವ್ಯಾಪಾರಸ್ಥರ ಮನೆಯಲ್ಲಿ, ಕೊಟ್ಟದ್ದು ರೋಣಕ್ಕೆ. ಯಜಮಾನರದು ಬಟ್ಟೆ ಅಂಗಡಿ. ಅವರು ಅಂಗಡಿಗೆ ಹೋದ ಮೇಲೆ ನಾನು ಬರೆಯುತ್ತಿದ್ದೆ. ಮೊದಲು ಬರೆದದ್ದೆಲ್ಲ ಒಂದು ವಾರಪತ್ರಿಕೆಗೆ ಧಾರಾವಾಹಿ. ಅಲ್ಲಿನ ಸಂಪಾದಕರೇ ಈ ಕೆಲಸದಲ್ಲಿ ನನ್ನ ಮೊದಲ ಮೇಲಧಿಕಾರಿ. ಮೊದಲ ಪುಟ ಹರಿದು ಒಗೆಯಿರಿ, ನಿಮ್ಮ ಕತೆ ಎರಡನೆಯ ಪುಟದಿಂದ ಶುರುವಾಗುತ್ತದೆ ಎಂದು ಹೇಳಿಕೊಟ್ಟವರು ಅವರೇ. ಆ ಮಾತು ಇವತ್ತಿಗೂ ಖರೆ. ಆದರೆ ಅವರ ಕೈಯೂ ಸುಮ್ಮನಿರುತ್ತಿರಲಿಲ್ಲ. ನನ್ನ ನಾಯಕಿ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಿದ್ದಳು, ಅಚ್ಚಾಗಿ ಬಂದಾಗ ದೋಸೆ ಹೊಯ್ಯುತ್ತಿದ್ದಳು. ಕೇಳಿದರೆ, ನಿಮ್ಮ ರೊಟ್ಟಿ ದಾವಣಗೆರೆ ದಾಟಿದರೆ ಓದುಗರಿಗೆ ಇಳಿಯುವುದಿಲ್ಲ ಎಂದರು. ಇನ್ನೊಂದು ಧಾರಾವಾಹಿಯಲ್ಲಿ ನಾಯಕನನ್ನು ಸಾಯಿಸಿದ್ದೆ. ಓದುಗರು ಅತ್ತು ಕರೆದು ಪತ್ರ ಬರೆದರು. ಸಂಪಾದಕರು ಫೋನು ಮಾಡಿ ಅವನನ್ನು ಬದುಕಿಸಿ ಎಂದರು. ಬದುಕಿಸಿದೆ. ಸುಟ್ಟದ್ದು ಬೇರೆಯವರ ಹೆಣ ಎಂದು ಬರೆದೆ. ಆ ಬೇರೆಯವರು ಯಾರು ಎಂದು ಒಬ್ಬ ಓದುಗರೂ ಕೇಳಲಿಲ್ಲ.

ಆಗ ತಿದ್ದುವುದು ಮೈಮುರಿಯುವ ಕೆಲಸ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು. ಒಂದು ಪರಿಚ್ಛೇದ ಬದಲಾಯಿಸಬೇಕೆಂದರೆ ಬೇರೆ ಚೀಟಿಯಲ್ಲಿ ಬರೆದು, ಕತ್ತರಿಸಿ, ಹಳೆಯದರ ಮೇಲೆ ಅಂಟಿಸಬೇಕು. ಗೋಂದು ಮುಗಿದರೆ ಅನ್ನದ ಅಗುಳು. ಒಮ್ಮೆ ಅನ್ನದ ಆಸೆಗೆ ಜಿರಲೆಗಳು ಬಂದು ನಾಯಕಿಯ ತವರುಮನೆಯನ್ನೇ ತಿಂದು ಹಾಕಿದ್ದವು. ಆಮೇಲೆ ಕಂಪ್ಯೂಟರ್ ಬಂತು. ಎಲ್ಲರೂ ಸುಖವಾಯಿತು ಎಂದರು. ನಾನೂ ಎಂದೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಾನು ಬರೆದ ಎಲ್ಲ ಕಾದಂಬರಿಗಳಲ್ಲಿ ಬರೆಯಲೇಬೇಕು ಎಂದು ಬರೆದದ್ದು ಒಂದೇ. ಅದು ಶಾಂತವ್ವ ಎಂಬ ಹೆಂಗಸಿನ ಕತೆ.

ನಮ್ಮ ಮನೆ ಮಾರ್ಕೆಟ್ಟಿನ ಹಿಂದೆ. ಸುಗ್ಗಿಯಲ್ಲಿ ಉಳ್ಳಾಗಡ್ಡಿಯ, ದಾವಣಗೆರೆ ದಾಟಿದರೆ ಈರುಳ್ಳಿ ಎನ್ನುವುದರ, ಒಣಸೊಪ್ಪು ಕೊಯ್ದು ಆರಿಸುವ ಕೂಲಿಗೆ ಬರುವ ಹೆಂಗಸರು ನೀರಿಗೆಂದು ನಮ್ಮ ಬಾಗಿಲಿಗೆ ಬರುತ್ತಾರೆ. ಶಾಂತವ್ವ ಅವರಲ್ಲಿ ಒಬ್ಬಳು, ನನಗಿಂತ ಹಿರಿಯಳು. ನಾನು ಶಾಂತಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಕೂಲಿಗೆ ಬಂದ ಆಕೆಯ ಅಡ್ಡಹೆಸರೂ ಉಳ್ಳಾಗಡ್ಡಿಯೇ. ಹಾಗೆಂದು ಅವಳೊಬ್ಬಳೇ ಹೇಳುತ್ತಿದ್ದಳು.

ಅವಳು ಶಿರೋಳದವಳು. ಸಣ್ಣ ವಯಸ್ಸಿಗೆ ಗಂಡ ಸತ್ತ. ಮೆಣಸಗಿ ಕಡೆಯ ಹೊಳೆದಂಡೆಯ ಒಂದು ಊರಿನಲ್ಲಿ ಉಳ್ಳಾಗಡ್ಡಿ ಮನೆತನದ ಹಿರಿಯ ಮಗ, ಹೆಂಡತಿ ತೀರಿಕೊಂಡವನು, ಇವಳನ್ನು ಉಡಿಕಿ ಮಾಡಿಕೊಂಡ. ಗಂಡ ಸತ್ತವಳಿಗೆ ಮತ್ತೊಮ್ಮೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದಕ್ಕೆ ನಮ್ಮ ಕಡೆ ಉಡಿಕಿ ಎನ್ನುತ್ತಾರೆ. ವಾಲಗ ಇಲ್ಲ, ಹಂದರ ಇಲ್ಲ, ನಾಲ್ಕು ಮಂದಿಯೊಳಗೆ ಮುಗಿಯುವ ಕೆಲಸ. ಹಾಗೆ ಬಂದವಳು ಮನೆಯಲ್ಲಿ ದುಡಿಯಬಹುದು, ಹಬ್ಬ ಮದುವೆಗಳಲ್ಲಿ ಮುತ್ತೈದೆಯರಿಗೆ ಉಡಿ ತುಂಬುವಾಗ ಮಾತ್ರ ಹಿಂದೆ ನಿಲ್ಲಬೇಕು. ಗಂಡ ಇರುವವರೆಗೆ ಹೇಗೋ ನಡೆಯಿತು. ಅವನೂ ಹೋದ ಮೇಲೆ ಇವಳು ನಮ್ಮ ಮನೆತನದವಳೇ ಅಲ್ಲ ಎಂದು ಮೈದುನರು ಹೇಳತೊಡಗಿದರು. ಅವಳು ಬೇರೆ ಒಂದು ಖೋಲಿಯಲ್ಲಿ ಇದ್ದುಕೊಂಡು ಕೂಲಿ ಮಾಡಿದಳು.

ಆಮೇಲೆ ಮಲಪ್ರಭೆ ಏರಿ ಊರೊಳಗೆ ನೀರು ಬಂತು. ನೀರು ಇಳಿದ ಮೇಲೆ ಹಾನಿ ಬರೆದುಕೊಳ್ಳಲು ಬಂದವನು ಇವಳ ಖೋಲಿಯ ಮುಂದೆ ನಿಂತು ಹೆಸರು ಕೇಳಿದ. ಶಾಂತವ್ವ ಎಂದಳು. ಮುಂದೆ ಏನು ಎಂದ. ಉಳ್ಳಾಗಡ್ಡಿ ಎಂದಳು. ಅವನು ಖೋಲಿಯೊಳಗೆ ಇಣುಕಿ ನೋಡಿ, ಹಾಳಾದ ಮಾಲು ಉಳ್ಳಾಗಡ್ಡಿ ಎಂದು ಬರೆದುಕೊಂಡ. ಅಡ್ಡಹೆಸರಿನ ಜಾಗ ಖಾಲಿ ಉಳಿಯಿತು. ಮೈದುನರು ಅಲ್ಲೇ ನಿಂತಿದ್ದರು, ಒಬ್ಬನೂ ಬಾಯಿ ಬಿಡಲಿಲ್ಲ. ಸಣ್ಣವನು ನಕ್ಕ.

ಇದನ್ನು ಶಾಂತಕ್ಕ ನಮ್ಮ ಕಟ್ಟೆಯ ಮೇಲೆ ಕೂತು, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ನಾನು ಕತೆ ಬರೆಯುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ನೀರಿನ ಚರಿಗೆ ಕೆಳಗಿಟ್ಟು ಹೇಳಿದಳು, "ನಂದೊಂದು ಕತಿ ಬರಿ ತಂಗಿ. ಹೆಸರ ಮಾತ್ರ ಪೂರಾ ಬರಿ. ಶಾಂತವ್ವ ಉಳ್ಳಾಗಡ್ಡಿ ಅಂತ ಎಲ್ಲೆರ ಒಂದ ಕಡೆ ಅಚ್ಚಾಗ್ಲಿ. ಮತ್ತೇನೂ ಬ್ಯಾಡ ನನಗ."

ಬೇರೆಯವರು ತಮ್ಮ ಹೆಸರು ಬೇಡ ಎಂದು ಕೈಮುಗಿಯುತ್ತಾರೆ. ಇವಳು ಬೇಕು ಎಂದಳು. ನಾನು ಮಾತು ಕೊಟ್ಟೆ.

ಮೊದಲ ಕರಡು ಬೇಗ ಮುಗಿಯಿತು. ಧಾರಾವಾಹಿಯ ಕೈ ನನ್ನದು, ಪುಟಕ್ಕೊಮ್ಮೆ ಕಣ್ಣೀರು ತರಿಸಿದ್ದೆ. ಶಾಂತಕ್ಕನಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಕೇಳಿ, ಇಕೆ ಯಾಕೆ ಇಷ್ಟು ಅಳುತ್ತಾಳೆ, ನನಗೆ ಅಳಲು ಪುರುಸೊತ್ತೇ ಇರಲಿಲ್ಲ ಎಂದಳು. ನನಗೆ ಕೋಪ ಬಂತು. ವಾರಗಟ್ಟಲೆ ಹಾಳೆ ಮುಟ್ಟಲಿಲ್ಲ. ಆಮೇಲೆ ಅಳುವನ್ನೆಲ್ಲ ತೆಗೆದೆ, ಕಾದಂಬರಿ ಅರ್ಧಕ್ಕೆ ಇಳಿಯಿತು.

ಎರಡನೆಯ ಸಲ ಅವಳನ್ನು ಹೋರಾಟಗಾರ್ತಿ ಮಾಡಿದೆ. ಮೈದುನರ ಮುಂದೆ ನಿಂತು ಉದ್ದುದ್ದ ಮಾತಾಡಿಸಿದೆ. ಅದನ್ನು ಕೇಳಿ ಶಾಂತಕ್ಕ ನಕ್ಕುಬಿಟ್ಟಳು. ಇಷ್ಟು ಮಾತಾಡಿದ್ದರೆ ಅವತ್ತೇ ಹೊರಗೆ ಹಾಕುತ್ತಿದ್ದರು ಎಂದಳು. ಆ ಮಾತುಗಳನ್ನೂ ತೆಗೆದೆ. ಮೂರನೆಯ ಸಲ ಎಲ್ಲ ಸಂಗತಿಗಳೂ ಸರಿ ಇದ್ದವು, ಓದಿದರೆ ಹಾನಿಯ ವರದಿ ಓದಿದ ಹಾಗಿತ್ತು. ಯಜಮಾನರು ಇಷ್ಟು ಹೊತ್ತಿನಲ್ಲಿ ನಾಲ್ಕು ಧಾರಾವಾಹಿ ಆಗುತ್ತಿದ್ದವು ಎಂದು ಗೊಣಗಿದರು. ಅವರು ಹೇಳಿದ್ದು ಸುಳ್ಳಲ್ಲ. ಬರೆದು, ಇಟ್ಟು, ತೆಗೆದು, ಮತ್ತೆ ಬರೆದು ನನ್ನ ಒಳ್ಳೆಯ ವರ್ಷಗಳು ಅದರಲ್ಲೇ ಹೋದವು. ಕಣ್ಣಿಗೆ ಕನ್ನಡಕ ಬಂತು, ಅಕ್ಷರ ದೊಡ್ಡದಾಯಿತು.

ಒಂದು ಮಧ್ಯಾಹ್ನ ಆ ನೆರೆಯ ಅಧ್ಯಾಯ ಬರೆಯುತ್ತಿದ್ದಾಗ ಕೈ ತಾನೇ ನಡೆಯಿತು. ಅಳು ಇಲ್ಲ, ಭಾಷಣ ಇಲ್ಲ, ಅವಳು ಹೇಳಿದ ಹಾಗೆಯೇ ಮಾತು ಬಂತು. ಆ ಸುಖ ಇದೆಯಲ್ಲ, ಅದನ್ನು ಹುಡುಗರಿಗೆ ಹೇಳದೆ ಮುಚ್ಚಿಟ್ಟರೆ ನಾನು ಮೋಸ ಮಾಡಿದ ಹಾಗೆ. ಅಂಥ ಒಂದು ಮಧ್ಯಾಹ್ನಕ್ಕೆ ಮನುಷ್ಯರು ಹುಚ್ಚರಾಗುತ್ತಾರೆ. ನಾನೂ ಆದೆ. ಕಾದಂಬರಿಯ ಕೊನೆಯಲ್ಲಿ ಮಾತ್ರ ನಡೆಯದ್ದನ್ನು ಬರೆದೆ. ಇನ್ನೊಬ್ಬ ಅಧಿಕಾರಿ ಬಂದು ಹೆಸರು ಕೇಳುತ್ತಾನೆ, ಈ ಸಲ ಕೇಳಿದ್ದನ್ನು ಸರಿಯಾಗಿ ಬರೆದುಕೊಳ್ಳುತ್ತಾನೆ. ಶಾಂತವ್ವ ಉಳ್ಳಾಗಡ್ಡಿ ಎಂಬುದೇ ಕೊನೆಯ ಸಾಲು. ಅದನ್ನೂ ಶಾಂತಕ್ಕನಿಗೆ ಓದಿ ಹೇಳಿದೆ. ಮರುದಿನ ಮಾರ್ಕೆಟ್ಟಿನ ಹೆಂಗಸರಿಗೆಲ್ಲ ತನ್ನ ಹೆಸರು ಬುಕ್ಕಿನಲ್ಲಿ ಬರುತ್ತದೆ ಎಂದು ಹೇಳಿಕೊಂಡು ಬಂದಳು.

ಪ್ರಕಾಶಕರು ಕೆಟ್ಟವರಲ್ಲ. ಇದನ್ನು ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ ಈ ವೃತ್ತಿಯಲ್ಲಿ ಹಾನಿ ಮಾಡುವವರು ಬಹುಪಾಲು ಒಳ್ಳೆಯವರೇ. ಹಸ್ತಪ್ರತಿ ಓದಿ ಮೆಚ್ಚಿದರು. ಬಿಡುಗಡೆ ಸಮಾರಂಭವನ್ನು ಗಜೇಂದ್ರಗಡದಲ್ಲಿ ಇಡೋಣ, ನಿಮ್ಮ ತವರೂರು ಎಂದರು. ಸ್ವಾಗತ ಸಮಿತಿಗೆ ಅಧ್ಯಕ್ಷರಾಗಿ ಸಿಕ್ಕವರು ಅಲ್ಲಿನ ಮಾರ್ಕೆಟ್ಟಿನ ಒಬ್ಬ ದೊಡ್ಡ ವ್ಯಾಪಾರಿ. ಅವರ ಅಡ್ಡಹೆಸರೂ ಉಳ್ಳಾಗಡ್ಡಿ. ಶಾಂತಕ್ಕನ ಮೈದುನರಿಗೂ ಅವರಿಗೂ ಬೀಗತನವಿಲ್ಲ, ಪರಿಚಯವಿಲ್ಲ, ಮುಖ ಸಹ ನೋಡಿದವರಲ್ಲ. ಆದರೂ ಉಳ್ಳಾಗಡ್ಡಿಯವರ ಮನೆಯಲ್ಲಿ ಉಡಿಕಿ ಆಗಿದೆ ಎಂದು ಅಚ್ಚು ಹಾಕಿಸಿದರೆ ತಾವು ವೇದಿಕೆ ಹತ್ತುವುದಿಲ್ಲ ಎಂದು ಅವರು ಹೇಳಿ ಕಳಿಸಿದರು.

ಪ್ರಕಾಶಕರು ಅಡ್ಡಹೆಸರು ಬದಲಿಸಿ ಎಂದರು. ನಮ್ಮ ಕಡೆ ಅಡ್ಡಹೆಸರು ಬದಲಿಸುವುದು ಎಂಥ ಕೆಲಸ ಎಂದು ಇಲ್ಲಿ ಹುಟ್ಟಿದವರಿಗೆ ಗೊತ್ತು. ಸಂತೆಯಲ್ಲಿ ನಿಂತು ಯಾವ ಸಾಮಾನಿಗೆ ಬೆರಳು ತೋರಿಸಿದರೂ ಅದು ಯಾರದೋ ಅಡ್ಡಹೆಸರು. ತುಪ್ಪದ ಎಂದು ಮಾಡಿ ನೋಡಿದೆ, ಪ್ರಕಾಶಕರ ಲೆಕ್ಕ ನೋಡುವವರು ತುಪ್ಪದ ಮನೆತನದವರು. ಕಡ್ಲಿ ಎಂದು ಮಾಡಿದರೆ ಮುದ್ರಣಾಲಯದವರ ಬೀಗರು ಕಡ್ಲಿಯವರು. ಬೆಲ್ಲದ, ಮೆಣಸಿನಕಾಯಿ, ಹುಣಸಿಮರದ, ಎಲ್ಲರಿಗೂ ಯಾರೋ ಇದ್ದರು, ಎಲ್ಲರಿಗೂ ಮಾನ ಇತ್ತು. ಶಾಂತಕ್ಕನೊಬ್ಬಳಿಗೇ ಇರಲಿಲ್ಲ. ಕೊನೆಗೆ ನಾನು ಗಟ್ಟಿಯಾಗಿ ಕೂತೆ. ಈ ಕಾದಂಬರಿ ಇರುವುದೇ ಆ ಅಡ್ಡಹೆಸರಿಗಾಗಿ, ಅದನ್ನು ತೆಗೆದರೆ ಉಳಿಯುವುದು ರದ್ದಿ, ಬೇಕಾದರೆ ಹಸ್ತಪ್ರತಿ ತಿರುಗಿ ಕೊಡಿ ಎಂದೆ. ಅವರು ಹಸ್ತಪ್ರತಿಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಆತ್ರಿ ಅಕ್ಕಾರ, ನಿಮ್ಮ ಮಾತ ನಡೀಲಿ" ಎಂದರು. ನಾನು ಕರಡಚ್ಚನ್ನು ಕೊನೆಯ ಸಲ ತಿದ್ದಿ, ಪ್ರತಿ ಉಳ್ಳಾಗಡ್ಡಿಯನ್ನೂ ಕಣ್ಣಾರೆ ನೋಡಿ, ಸಹಿ ಹಾಕಿ ಕೊಟ್ಟೆ.

ಗಜೇಂದ್ರಗಡದ ಸಭೆಗೆ ಜನ ಚೆನ್ನಾಗಿಯೇ ಬಂದಿದ್ದರು. ವ್ಯಾಪಾರಿ ನಗುನಗುತ್ತ ವೇದಿಕೆ ಹತ್ತಿದಾಗಲೇ ನನಗೆ ಸಂಶಯ ಬರಬೇಕಿತ್ತು. ಪುಸ್ತಕದ ಕಟ್ಟು ಬಿಚ್ಚಿದ್ದೂ ಅಲ್ಲೇ. ಮಾತಾಡಲು ಬಂದ ಉಪನ್ಯಾಸಕರೊಬ್ಬರು ಪುಸ್ತಕವನ್ನು ನಡುವೆ ತೆರೆದು, ಲೇಖಕಿಯ ಭಾಷಾ ಸೊಗಸಿಗೆ ಇದು ಉದಾಹರಣೆ ಎಂದು ಗಂಭೀರವಾಗಿ ಓದಿದರು. ಶಾಂತವ್ವ ಎರಡು ದೇಸಾಯಿಯನ್ನು ಸಣ್ಣಗೆ ಹೆಚ್ಚಿ ಒಗ್ಗರಣೆಗೆ ಹಾಕಿದಳು ಎಂದು ಅಲ್ಲಿ ಅಚ್ಚಾಗಿತ್ತು. ಅವರು ಓದು ನಿಲ್ಲಿಸಿದರು, ಕನ್ನಡಕ ಸರಿಮಾಡಿಕೊಂಡರು, ಇನ್ನೊಂದು ಪುಟ ತೆರೆದರು. ಮಳೆಗೆ ತೊಯ್ದ ದೇಸಾಯಿ ಅಂಗಳದಲ್ಲಿ ಕೊಳೆತು ನಾರುತ್ತಿತ್ತು. ಈ ವರ್ಷ ದೇಸಾಯಿಗೆ ರೇಟೇ ಇಲ್ಲ ಎಂದು ದಲಾಲಿ ಹೇಳಿದ. ಹಿಂದಿನ ಸಾಲಿನಿಂದ ಶುರುವಾದ ನಗು ಮುಂದಿನ ಸಾಲಿನವರೆಗೆ ಬಂತು. ನಾನು ಕೈಯಲ್ಲಿದ್ದ ಪ್ರತಿಯ ಕೊನೆಯ ಪುಟ ತೆಗೆದು ನೋಡಿದೆ. ಶಾಂತವ್ವ ದೇಸಾಯಿ.

ನಡೆದದ್ದು ಇಷ್ಟು. ನಾನು ಸಹಿ ಹಾಕಿ ಹೋದ ಮೇಲೆ ಪ್ರಕಾಶಕರಿಗೆ ಮತ್ತೆ ಭಯವಾಗಿದೆ. ತಾವೇ ಕಂಪ್ಯೂಟರ್ ಮುಂದೆ ಕೂತು, ಇರುವ ಉಳ್ಳಾಗಡ್ಡಿಯನ್ನೆಲ್ಲ ಒಂದೇ ಸಲಕ್ಕೆ ದೇಸಾಯಿ ಮಾಡಿದ್ದಾರೆ. ದೇಸಾಯಿ ಎಂಬುದು ಬಿರುದು, ಮನೆತನ ಯಾವುದಾದರೂ ಇರಬಹುದು, ಯಾರೂ ತಮ್ಮದು ಎಂದು ಜಗಳಕ್ಕೆ ಬರುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಕಾದಂಬರಿಯ ಹೊಲದಲ್ಲಿ ಬೆಳೆಯುವುದೂ ಉಳ್ಳಾಗಡ್ಡಿ ಎಂಬುದು ಅವರಿಗೆ ಹೊಳೆಯಲಿಲ್ಲ. ಎರಡು ಪದಕ್ಕೂ ಕೊನೆಗೆ ಗುಡಿಸು ಇರುವುದರಿಂದ ವಿಭಕ್ತಿಗಳೆಲ್ಲ ಸರಿಯಾಗಿ ಕೂತಿದ್ದವು, ವ್ಯಾಕರಣದ ಒಂದು ತಪ್ಪೂ ಇರಲಿಲ್ಲ. ಹೆಸರು ಹೇಳಿದರೆ ಮಾಲು ಎಂದು ಬರೆದುಕೊಂಡ ಆ ಮನುಷ್ಯನಿಗೂ ಇವರಿಗೂ ಏನು ವ್ಯತ್ಯಾಸ ಎಂದು ನಾನು ಕೇಳಿದೆ. ಒಂದು ಗುಂಡಿ ಒತ್ತಿದ್ದಷ್ಟೇ ಎಂದು ಅವರು ಕಣ್ಣಲ್ಲಿ ನೀರು ತಂದರು. ಅವರ ಕಣ್ಣೀರು ನನಗೆ ಏನಕ್ಕೂ ಬೇಕಾಗಿರಲಿಲ್ಲ.

ಆ ಪುಟಗಳ ಫೋಟೋ ರೋಣ, ನರಗುಂದಗಳ ಎಲ್ಲರ ಫೋನಿಗೂ ಹೋಯಿತು. ಕಾಯಿಪಲ್ಲೆಯವನು ಎಷ್ಟು ಕಿಲೋ ದೇಸಾಯಿ ಹಾಕಲಿ ಎಂದು ಕೇಳಿದ. ನಾನು ತಕ್ಕಡಿ ಹಿಡಿದು ಬೈದೆ. ಇದಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿಸಿದ್ದು ಒಂದು ವಿಮರ್ಶೆ. ಊಳಿಗಮಾನ್ಯ ವ್ಯವಸ್ಥೆಯು ಅಂಗಳದಲ್ಲಿ ಕೊಳೆತು ನಾರುವುದನ್ನು ಲೇಖಕಿ ದಿಟ್ಟ ರೂಪಕದಲ್ಲಿ ಹಿಡಿದಿದ್ದಾರೆ ಎಂದು ಒಬ್ಬ ದೊಡ್ಡ ವಿಮರ್ಶಕರು ಬರೆದರು. ಇಷ್ಟು ವರ್ಷ ಬರೆದದ್ದರಲ್ಲಿ ನನಗೆ ಬಂದ ದೊಡ್ಡ ಹೊಗಳಿಕೆ ಅದೇ. ಪ್ರಕಾಶಕರು ಖುಷಿಯಾಗಿ, ಹಾಗಾದರೆ ಹೀಗೇ ಇರಲಿ ಬಿಡಿ ಎಂದು ಹೇಳಲು ಬಂದರು. ಅವರಿಗೆ ನಾನು ಚಹಾ ಕೊಡಲಿಲ್ಲ.

ಮತ್ತೆ ಅಚ್ಚು ಹಾಕಿಸುವ ಮಾತನ್ನು ಅವರು ಮುಂದೂಡುತ್ತ ಹೋದರು. ನಾನು ಸಿಕ್ಕ ಪ್ರತಿಗಳನ್ನು ಹುಡುಕಿ ಕೈಯಿಂದ ತಿದ್ದಲು ಹೊರಟೆ. ಕಾದಂಬರಿಯ ಕೊನೆಯ ತಿದ್ದುಪಡಿ ನಡೆದದ್ದು ಬಾಲ್‌ಪೆನ್ನಿನಿಂದ, ಪರಿಚಯದವರ ಪಡಸಾಲೆಗಳಲ್ಲಿ. ಕೆಲವರು ನಗುತ್ತ ಪುಸ್ತಕ ಕೊಟ್ಟರು. ಕೆಲವರು ತಪ್ಪು ಇದ್ದದ್ದೇ ಚಂದ, ತಿದ್ದಬೇಡಿ ಎಂದರು. ಒಂದು ವಾಚನಾಲಯದಲ್ಲಿ ಕಪಾಟಿನಿಂದ ಪುಸ್ತಕ ತೆಗೆದು ಬರೆಯಲು ಕೂತೆ. ಅಲ್ಲಿನವರು ಓಡಿಬಂದು, ಪುಸ್ತಕದಲ್ಲಿ ಯಾರೂ ಬರೆಯುವಂತಿಲ್ಲ ಎಂದು ಕಸಿದುಕೊಂಡರು. ಇದನ್ನು ಬರೆದವಳೇ ನಾನು ಎಂದೆ. ಬರೆದವರಿಗೂ ಅದೇ ನಿಯಮ ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

ಈ ನಡುವೆ ಶಾಂತಕ್ಕ ನಮ್ಮ ಮನೆ ಕಡೆ ಬರುವುದನ್ನು ಬಿಟ್ಟಿದ್ದಳು. ಅವಳ ಸಣ್ಣ ಮೈದುನ ಫೋಟೋ ಇದ್ದ ಫೋನು ಹಿಡಿದುಕೊಂಡು ಮಾರ್ಕೆಟ್ಟಿಗೇ ಬಂದಿದ್ದನಂತೆ. ಎಲ್ಲರ ಎದುರಿಗೆ, ಈಗ ದೇಸಾಯರ ಮನೆಗೆ ಉಡಿಕಿಯಾದೆಯಾ ಎಂದು ಕೇಳಿದನಂತೆ. ಉಳಿದ ಹೆಂಗಸರು ಇದನ್ನು ನನಗೆ ಹೇಳಿದರು, ಅವಳು ಹೇಳಲಿಲ್ಲ.

ನಾನು ಒಂದು ಪ್ರತಿಯನ್ನು ಚೆನ್ನಾಗಿ ತಿದ್ದಿದೆ. ಪ್ರತಿ ದೇಸಾಯಿಗೂ ಅಡ್ಡಗೆರೆ ಎಳೆದು, ಮೇಲೆ ದುಂಡಗೆ ಉಳ್ಳಾಗಡ್ಡಿ ಎಂದು ಬರೆದೆ. ಅದನ್ನು ತೆಗೆದುಕೊಂಡು ಮಾರ್ಕೆಟ್ಟಿಗೆ ಹೋದೆ. ಅವಳು ರಾಶಿಯ ಬದಿಗೆ ಕೂತು ಸೊಪ್ಪು ಕೊಯ್ಯುತ್ತಿದ್ದಳು. ಕೊನೆಯ ಪುಟ ತೆರೆದು ಬೆರಳಿಟ್ಟು ಓದಿ ಹೇಳಿದೆ. ಅವಳು ಕುಡುಗೋಲು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು. ಅಕ್ಷರ ಬರದಿದ್ದರೂ ಬಹಳ ಹೊತ್ತು ನೋಡಿದಳು. ಆ ಸಾಲಿನ ಮೇಲೆ ಬೆರಳಾಡಿಸಿದಳು.

"ಇದೇನ ತಂಗಿ, ಇಲ್ಲಿ ಗೆರಿ ಹೊಡದದ್ದು?" ಎಂದು ಕೇಳಿದಳು.

ತಪ್ಪಾಗಿ ಅಚ್ಚಾದದ್ದಕ್ಕೆ ಕಾಟು ಹಾಕಿ ಮೇಲೆ ನಿನ್ನ ಹೆಸರು ಬರೆದಿದ್ದೇನೆ ಎಂದೆ.

ಅವಳು ಪುಸ್ತಕ ಮುಚ್ಚಿದಳು. "ನಮ್ಮ ಸಣ್ಣ ಮೈದುನ ಇದನ್ನ ಅಂತಿದ್ದ ನೋಡು. ರೇಶನ್ ಕಾರ್ಡಿನಾಗ ನಮ್ಮ ಅಕ್ಕನ ಹೆಸರಿಗೆ ಕಾಟ ಹಾಕಿ ಮ್ಯಾಲ ನನ್ನ ಹೆಸರ ಬರಿಸಿದ್ರು ಇವರು. ಕಾಟ ಹಾಕಿದ್ದರ ಮ್ಯಾಲ ಬರದಾಕಿ ನೀ, ಖರೇ ಹೆಸರಲ್ಲ ಅಂತಿದ್ದ." ಇವರು ಎಂದು ಅವಳು ಹೇಳಿದ್ದು ಗಂಡನಿಗೆ, ಅಕ್ಕ ಎಂದದ್ದು ಅವನ ಸತ್ತ ಮೊದಲ ಹೆಂಡತಿಗೆ. ಪುಸ್ತಕವನ್ನು ನನ್ನ ಕೈಗೆ ತಿರುಗಿ ಕೊಟ್ಟು, "ನೀನ ಇಟ್ಕೊ ಯವ್ವಾ, ನಿಂದೇನ ತಪ್ಪಿಲ್ಲ" ಎಂದಳು. ಕುಡುಗೋಲು ತೆಗೆದುಕೊಂಡಳು.

ಎರಡನೆಯ ಮುದ್ರಣ ಆಗಲಿಲ್ಲ. ನಕ್ಕವರು ಫೋಟೋ ನೋಡಿ ನಕ್ಕರು, ಪುಸ್ತಕ ಕೊಳ್ಳಲಿಲ್ಲ. ಶಾಂತಕ್ಕ ಸುಗ್ಗಿಗೆ ಈಗಲೂ ರೋಣಕ್ಕೆ ಬರುತ್ತಾಳೆ. ನಮ್ಮ ಕಟ್ಟೆಗೂ ಮತ್ತೆ ಬರತೊಡಗಿದ್ದಾಳೆ. ನೀರು ಕುಡಿಯುತ್ತಾಳೆ, ನನ್ನ ಮಂಡಿನೋವು ವಿಚಾರಿಸುತ್ತಾಳೆ, ಕೂಲಿ ಕಡಿಮೆಯಾದದ್ದನ್ನು ಹೇಳುತ್ತಾಳೆ. ಕಾದಂಬರಿಯ ಮಾತು ಮಾತ್ರ ಎತ್ತುವುದಿಲ್ಲ. ಒಂದು ಸಲ ಅವಳು ನನ್ನನ್ನು ಬಾಯಿತುಂಬ ಬೈದಿದ್ದರೆ, ನಾನು ಇನ್ನೊಂದು ಬರೆಯುತ್ತಿದ್ದೆ.